ದಾನಚಿಂತಾಮಣಿಯ ದುಃಖ

ಕನ್ನಡ ಸಾಹಿತ್ಯದ ಚರಿತ್ರೆಯನ್ನು ಸ್ವಲ್ಪಮಟ್ಟಿಗೆ ಬಲ್ಲವರಿಗೆಲ್ಲ ಅತ್ತಿಮಬ್ಬೆಯ ಹೆಸರು ಪರಿಚಿತವಾದುದೇ. ಆ ಹೆಸರು ಬಂದೊಡನೆ ಅದರ ಬೆನ್ನಿಗೇ ಎರಡು ಸಂಖ್ಯೆಗಳೂ ಬರುತ್ತವೆ. ಪೊನ್ನನ ಶಾಂತಿಪುರಾಣಕ್ಕೆ 1,000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಚಿನ್ನದಲ್ಲಿಯೂ ರತ್ನದಲ್ಲಿಯೂ 1,500 ಜಿನಪ್ರತಿಮೆಗಳನ್ನು ಮಾಡಿಸಿ ಕೊಟ್ಟಳು. ಇಷ್ಟನ್ನು ಹೇಳಿ, 'ದಾನಚಿಂತಾಮಣಿ' ಎಂಬ ಬಿರುದನ್ನು ಸೇರಿಸಿ, ನಾವು ಮುಂದಿನ ಪುಟಕ್ಕೆ ಹೋಗುತ್ತೇವೆ. ಪರೀಕ್ಷೆಗೆ ಓದುವ ವಿದ್ಯಾರ್ಥಿಗೆ ಇದಕ್ಕಿಂತ ಹೆಚ್ಚು ಬೇಕಾಗಿಯೂ ಇಲ್ಲ. ಆದರೆ ಈ ಸಂಖ್ಯೆಗಳ ಹಿಂದೆ ಒಂದರ ಬೆನ್ನಿಗೊಂದು ಸಂಭವಿಸಿದ ಎರಡು ಸಾವುಗಳಿವೆ. ಅವುಗಳನ್ನು ಮರೆತು ದಾನವನ್ನು ಮಾತ್ರ ಎಣಿಸಿದರೆ, ಒಂದು ಬದುಕಿನ ಕಥೆ ಕೊಡುಗೈಯ ಲೆಕ್ಕಪತ್ರವಾಗಿ ಬಿಡುತ್ತದೆ. ಶ್ರದ್ಧೆಯುಳ್ಳ ಒಬ್ಬ ಹೆಂಗಸು, ಅಳುವುದಕ್ಕೂ ಅಡ್ಡಿಯನ್ನು ಹೇಳುವ ಒಂದು ಧರ್ಮದೊಳಗಿದ್ದುಕೊಂಡು, ತನ್ನ ದುಃಖವನ್ನು ಎಲ್ಲಿ ಇಟ್ಟಳು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ಮೊದಲು ಮನೆತನದ ಸಂಗತಿ. ವೆಂಗಿ ಮಂಡಲದ ಕಮ್ಮೆನಾಡಿನಲ್ಲಿ ಪುಂಗನೂರು ಎಂಬ ಊರು. ಅಲ್ಲಿ ನಾಗಮಯ್ಯನೆಂಬ ಜೈನ ಬ್ರಾಹ್ಮಣನಿದ್ದನು. ಅವನಿಗೆ ಮಲ್ಲಪಯ್ಯ, ಪುನ್ನಮಯ್ಯ ಎಂದು ಇಬ್ಬರು ಮಕ್ಕಳು. ಇಬ್ಬರೂ ಕತ್ತಿಯನ್ನು ಹಿಡಿಯಬಲ್ಲವರು, ಕಾವ್ಯವನ್ನೂ ಬಲ್ಲವರು. ಜಿನಚಂದ್ರದೇವರೆಂಬ ಮುನಿಗಳು ಈ ಸೋದರರಿಗೆ ಗುರುಗಳಾಗಿದ್ದರು. ಗುರುಗಳು ದೇಹವನ್ನು ಬಿಟ್ಟಾಗ ಅವರ ನೆನಪಿಗೆ ಏನಾದರೊಂದನ್ನು ಮಾಡಬೇಕೆಂಬುದು ಶಿಷ್ಯರ ಆಸೆ. ಆ ಕಾಲದ ರೂಢಿಯಂತೆ ಒಂದು ನಿಸಿಧಿಯ ಕಲ್ಲನ್ನು ನಿಲ್ಲಿಸಿದ್ದರೆ ಕರ್ತವ್ಯ ಮುಗಿಯುತ್ತಿತ್ತು. ಶ್ರವಣಬೆಳ್ಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ 7ನೆಯ ಶತಮಾನದಿಂದಲೂ ಅಂಥ ಬರೆಹಗಳು ಎಷ್ಟೋ ಇವೆ. ನಂದಿಸೇನ ಮುನಿಯ ಹೆಸರಿನ ಶಾಸನದಂತೂ ಕನ್ನಡದ ಮೊದಲ ಕವಿತೆಗಳಲ್ಲಿ ಒಂದೆಂದು ಎಣಿಸಬಹುದಾದಷ್ಟು ಚೆಲುವಾಗಿದೆ. ಆದರೆ ಈ ಸೋದರರು ಕಲ್ಲುಕುಟಿಗನ ಬಳಿಗೆ ಹೋಗಲಿಲ್ಲ, ಕವಿಯ ಬಳಿಗೆ ಹೋದರು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಂದ (939–967) 'ಉಭಯಕವಿಚಕ್ರವರ್ತಿ' ಎಂಬ ಬಿರುದನ್ನು ಪಡೆದಿದ್ದ ಪೊನ್ನನನ್ನು ಬೇಡಿಕೊಂಡರು. ಅವನು ಹದಿನಾರನೆಯ ತೀರ್ಥಂಕರನಾದ ಶಾಂತಿನಾಥನ ಚರಿತ್ರೆಯನ್ನು ಹನ್ನೆರಡು ಆಶ್ವಾಸಗಳ ಚಂಪೂಕಾವ್ಯವಾಗಿ ಬರೆದುಕೊಟ್ಟನು. ಹೀಗೆ ಶಾಂತಿಪುರಾಣ ಹುಟ್ಟಿದ್ದೇ ಒಂದು ಅಗಲಿಕೆಯಿಂದ. ಅದರಲ್ಲಿ ಜಿನಚಂದ್ರದೇವರ ಜೀವನಚರಿತ್ರೆಯೇನೂ ಇಲ್ಲ. ಸತ್ತವರ ನೆನಪಿಗಾಗಿ ಇನ್ನೊಬ್ಬರ ಕಥೆಯನ್ನು ಹೇಳಿಸುವುದು ಇಂದು ನಮಗೆ ವಿಚಿತ್ರವೆನಿಸಬಹುದು. ಈ ವೈಚಿತ್ರ್ಯವನ್ನು ನೆನಪಿನಲ್ಲಿಡಬೇಕೆಂದು ಕೇಳುಗರನ್ನು ಬೇಡುತ್ತೇನೆ.

ಮುಂದೆ ಪುನ್ನಮಯ್ಯನು ಕಾವೇರಿಯ ತೀರದಲ್ಲಿ ತನ್ನ ಒಡೆಯನ ಹಗೆಯೊಡನೆ ಹೋರಾಡಿ ಮಡಿದನು. ಮಲ್ಲಪಯ್ಯನಿಗೂ ಅವನ ಹೆಂಡತಿ ಅಪ್ಪಕಬ್ಬೆಗೂ ಹುಟ್ಟಿದ ಮಕ್ಕಳಲ್ಲಿ ಅತ್ತಿಮಬ್ಬೆ, ಗುಂಡಮಬ್ಬೆ ಎಂಬ ಇಬ್ಬರು ಹೆಣ್ಣುಮಕ್ಕಳಿದ್ದರು. ಅಷ್ಟು ಹೊತ್ತಿಗೆ ರಾಜ್ಯವೇ ಕೈ ಬದಲಾಗಿತ್ತು. 973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟರನ್ನು ತಳ್ಳಿ ಸಿಂಹಾಸನವನ್ನು ಏರಿದನು. ಅವನ ಮಹಾಮಂತ್ರಿ ದಲ್ಲಪ. ದಲ್ಲಪನ ಹಿರಿಯ ಮಗ ನಾಗದೇವನು ಸೇನಾನಿ. ಅಕ್ಕತಂಗಿಯರಿಬ್ಬರನ್ನೂ ಈ ನಾಗದೇವನಿಗೇ ಕೊಟ್ಟು ಮದುವೆಮಾಡಿದರು. ಅತ್ತಿಮಬ್ಬೆಗೆ ಅಣ್ಣಿಗದೇವನೆಂಬ ಮಗನಾದನು. ನಾಗದೇವನು ಸತ್ತನು. ಗುಂಡಮಬ್ಬೆ ಗಂಡನ ಚಿತೆಯನ್ನು ಏರಿದಳು. ಅತ್ತಿಮಬ್ಬೆ ಉಳಿದಳು.

ಚರಿತ್ರೆ ಇದನ್ನು ಹೇಳುವುದಕ್ಕೆ ಮೂರು ನಾಲ್ಕು ವಾಕ್ಯಗಳು ಸಾಕು. ಆದರೆ ಆ ಮನೆಯ ಒಳಗೆ ನಿಂತು ಒಂದು ಗಳಿಗೆ ನೋಡಿದರೆ ಅದು ಎಂಥ ದಿನವಾಗಿತ್ತೆಂಬುದು ತಿಳಿಯುತ್ತದೆ. ಉಳಿದವಳಿಗೆ ಹೋದವನು ಗಂಡ. ಅವನ ಜತೆಯಲ್ಲಿ ಹೋದವಳು ಸವತಿ, ಮತ್ತು ಒಡಹುಟ್ಟಿದ ತಂಗಿ. ತಂಗಿಯ ಸಾವು ಲೋಕದ ಕಣ್ಣಿಗೆ ದೊಡ್ಡದಾಗಿ ಕಂಡಿರಬೇಕು. ಜನ ಹೊಗಳಿರಬೇಕು. ಆ ಹೊಗಳಿಕೆಯನ್ನು ಕೇಳಿಕೊಂಡು, ಮಗುವನ್ನು ಕಟ್ಟಿಕೊಂಡು, ಮಾರನೆಯ ದಿನ ಬೆಳಗ್ಗೆ ಏಳುವುದು ಅಕ್ಕನ ಪಾಲಿಗೆ ಬಂದಿತು. ಉಳಿದುಕೊಂಡವಳು ತಾನೇಕೆ ಉಳಿದೆನೆಂದು ಲೋಕಕ್ಕೆ ಉತ್ತರಕೊಡಬೇಕಾದ ಕಾಲ ಅದು.

ಇಲ್ಲಿ ಜೈನಶಾಸ್ತ್ರ ಏನನ್ನುತ್ತದೆ ಎಂಬುದನ್ನು ನೋಡಬೇಕು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಗೃಹಸ್ಥರು ಬಿಡಬೇಕಾದ ಮೂಢತೆಗಳನ್ನು ಹೇಳುವಾಗ, ಪುಣ್ಯ ಬಂದೀತೆಂದು ಹೊಳೆಯಲ್ಲಿಯೂ ಕಡಲಿನಲ್ಲಿಯೂ ಮುಳುಗುವುದು, ಬೆಟ್ಟದಿಂದ ಬೀಳುವುದು, ಬೆಂಕಿಯಲ್ಲಿ ಬೀಳುವುದು ಇವನ್ನೆಲ್ಲ 'ಲೋಕಮೂಢತೆ'ಯಲ್ಲಿ ಸೇರಿಸುತ್ತದೆ. ಜೈನರು ಒಪ್ಪುವ ಇಚ್ಛಾಮರಣ ಸಲ್ಲೇಖನ. ಅದು ಮೆಲ್ಲಮೆಲ್ಲನೆ, ಗುರುವಿನ ಅನುಮತಿಯಿಂದ, ರಾಗದ್ವೇಷಗಳನ್ನು ಕಳೆದುಕೊಂಡು ಮಾಡುವ ವ್ರತ. ಒಲವಿನ ಆವೇಗದಲ್ಲಿ ಉರಿಯೊಳಕ್ಕೆ ನಡೆಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದುದರಿಂದ ಗುಂಡಮಬ್ಬೆ ನಡೆದದ್ದು ನಾಡಿನ ವೀರಮನೆತನಗಳ ರೂಢಿಯ ದಾರಿಯಲ್ಲಿ. ಮನೆಯ ಧರ್ಮದ ದಾರಿ ಅತ್ತಿಮಬ್ಬೆಯದು. ಹೀಗೆಂದು ಹೇಳಿ ತಂಗಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಸಾವಿರ ವರ್ಷಗಳ ಮೇಲೆ ಸುಖವಾಗಿ ಕುಳಿತು ಒಬ್ಬ ಹೆಣ್ಣುಮಗಳ ಸಂಕಟವನ್ನು ತೂಗಿನೋಡುವುದು ಸಭ್ಯತೆಯ ಕೆಲಸವಾಗಲಾರದು.

ಉಳಿಯುವ ದಾರಿಯಾದರೂ ಸುಲಭವಾಗಿರಲಿಲ್ಲ. ಜೈನರು ಧ್ಯಾನವನ್ನು ನಾಲ್ಕು ಬಗೆಯಾಗಿ ಹೇಳುತ್ತಾರೆ: ಆರ್ತ, ರೌದ್ರ, ಧರ್ಮ್ಯ, ಶುಕ್ಲ. ಮೊದಲಿನ ಎರಡು ಕೆಟ್ಟವು. ಆರ್ತಧ್ಯಾನದಲ್ಲಿ ಒಂದು ಭೇದಕ್ಕೆ 'ಇಷ್ಟವಿಯೋಗ'ವೆಂದು ಹೆಸರು. ಪ್ರಿಯವಾದುದು ಕೈಬಿಟ್ಟು ಹೋದಾಗ ಮನಸ್ಸು ಅದನ್ನೇ ನೆನೆದು ನೆನೆದು ಸುತ್ತುತ್ತಿರುವುದೇ ಅದು. ಅಂದರೆ, ಸತ್ತ ಗಂಡನನ್ನು ಹಗಲಿರುಳು ನೆನೆದು ಕೊರಗುವುದು ಸಹಜವೆಂದು ನಾವು ಅನ್ನುತ್ತೇವಷ್ಟೆ. ಶಾಸ್ತ್ರ ಅದನ್ನು ಕರ್ಮಬಂಧವೆನ್ನುತ್ತದೆ. ಚಿತೆಯನ್ನು ಏರಬಾರದು, ಕೊರಗಲೂ ಬಾರದು. ಮತ್ತೇನು ಮಾಡಬೇಕು? ಅನಿತ್ಯ, ಅಶರಣ ಮೊದಲಾದ ಹನ್ನೆರಡು ಅನುಪ್ರೇಕ್ಷೆಗಳನ್ನು ಭಾವಿಸಬೇಕು ಎಂದು ಉತ್ತರ ಸಿದ್ಧವಾಗಿದೆ. ಉತ್ತರ ಸರಿಯಾದುದೇ. ಆದರೆ ಸರಿಯಾದ ಉತ್ತರವು ನೊಂದ ಮನಸ್ಸಿನೊಳಕ್ಕೆ ಹೋಗುವ ಬಾಗಿಲು ಯಾವುದು?

ತರಗತಿಯಲ್ಲಿ ಈ ಭಾಗವನ್ನು ಹೇಳುವಾಗ ಪ್ರತಿವರ್ಷವೂ ಯಾರಾದರೊಬ್ಬ ಹುಡುಗನೋ ಹುಡುಗಿಯೋ ಎದ್ದು ನಿಂತು, "ಹಾಗಾದರೆ ಅವಳು ಅಳಲೇ ಇಲ್ಲವೆ, ಸಾರ್?" ಎಂದು ಕೇಳುವುದುಂಟು. ಶಾಸನದಲ್ಲಿ ಕಣ್ಣೀರನ್ನು ಕೆತ್ತುವ ಪದ್ಧತಿಯಿಲ್ಲ ಎಂದು ಹೇಳಿ ನಗಿಸಿ ಕೂರಿಸಬಹುದು. ಆದರೆ ಪ್ರಶ್ನೆ ಒಳ್ಳೆಯ ಪ್ರಶ್ನೆ. ಅದಕ್ಕೆ ನಾನು ಕೊಡುವ ಉತ್ತರ, ಅವಳು ಬರೆಯಿಸಿದ ಪುಸ್ತಕಗಳನ್ನು ನೋಡಿ ಎಂಬುದೇ.

ಶೋಕವು ಶ್ಲೋಕವಾದ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಬೇಡನ ಬಾಣಕ್ಕೆ ಗಂಡು ಕ್ರೌಂಚ ಬಿತ್ತು, ಹೆಣ್ಣು ಕೂಗಿಕೊಂಡಿತು, ವಾಲ್ಮೀಕಿಯ ಬಾಯಿಂದ ಕವಿತೆ ಹೊರಟಿತು. ಈ ಕಥೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಒಂದು ಸಂಗತಿಯನ್ನು ಗಮನಿಸುವುದಿಲ್ಲ. ದುಃಖಪಟ್ಟದ್ದು ಹಕ್ಕಿ, ಕವಿಯಾದವನು ಋಷಿ. ಹಕ್ಕಿಗೇನಾಯಿತು ಎಂದು ಯಾರೂ ವಿಚಾರಿಸುವುದಿಲ್ಲ. ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಟೆನ್ನಿಸನ್ ಕವಿ ನೆನಪಾಗಬಹುದು. 1833ರಲ್ಲಿ ಗೆಳೆಯ ಹ್ಯಾಲಂ ತೀರಿಕೊಂಡ ಮೇಲೆ ಅವನು ಹದಿನೇಳು ವರ್ಷಗಳ ಕಾಲ ಬಿಡಿಬಿಡಿಯಾಗಿ ಪದ್ಯಗಳನ್ನು ಬರೆಯುತ್ತ ಹೋಗಿ, 1850ರಲ್ಲಿ 'ಇನ್ ಮೆಮೋರಿಯಮ್' ಎಂದು ಪ್ರಕಟಿಸಿದನು. ಅಲ್ಲಿ ನೊಂದವನೂ ಬರೆದವನೂ ಒಬ್ಬನೇ. ಅತ್ತಿಮಬ್ಬೆ ಈ ಎರಡಕ್ಕೂ ಸೇರಿದವಳಲ್ಲ. ಅವಳು ಕ್ರೌಂಚದಂತೆ ನೊಂದವಳು. ಕವಿತೆಯನ್ನು ಬರೆದವಳಲ್ಲ, ಬರೆಯಿಸಿದವಳು. ಬರೆಯಿಸುವುದೂ ಒಂದು ರಚನೆಯೇ ಎಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪದವರು ಮುಂದಿನ ವಿವರವನ್ನು ಕೇಳಿ ತೀರ್ಮಾನ ಮಾಡಬಹುದು.

ಅಚ್ಚಿನ ಯಂತ್ರಕ್ಕೆ ಒಗ್ಗಿಕೊಂಡ ನಮಗೆ ಸಾವಿರ ಪ್ರತಿ ಎಂದರೆ ಒಂದು ಸಣ್ಣ ಮುದ್ರಣ. ಓಲೆಗರಿಯ ಕಾಲದಲ್ಲಿ ಅದರ ಅರ್ಥವೇ ಬೇರೆ. ತಾಳೆಯ ಗರಿಯನ್ನು ಕಡಿದು ತಂದು, ನಡುವಿನ ಕಡ್ಡಿಯನ್ನು ತೆಗೆದು, ಬೇಯಿಸಿ, ಒಣಗಿಸಿ, ನುಣುಪಾಗುವಂತೆ ಉಜ್ಜಿ, ಒಂದೇ ಅಳತೆಗೆ ಕತ್ತರಿಸಿ, ದಾರಕ್ಕೆ ತೂತನ್ನು ಮಾಡಬೇಕು. ಆಮೇಲೆ ಲಿಪಿಕಾರನು ಕಬ್ಬಿಣದ ಕಂಠದಿಂದ ಒಂದೊಂದೇ ಅಕ್ಷರವನ್ನು ಕೊರೆಯಬೇಕು. ಮಸಿಯಿಲ್ಲದೆ ಕೊರೆದ ಬರೆಹ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಗರಿಯ ಮೇಲೆ ಬಳಿದು ಒರೆಸಿದಾಗ, ಗೀರುಗಳಲ್ಲಿ ಕಪ್ಪು ನಿಂತು ಅಕ್ಷರ ಏಳುತ್ತದೆ. ಕಡೆಗೆ ಮೇಲೊಂದು ಕೆಳಗೊಂದು ಮರದ ಹಲಗೆಯನ್ನಿಟ್ಟು ಕಟ್ಟುವುದು. ಓಲೆಯ ಕಟ್ಟುಗಳ ಕೊನೆಯಲ್ಲಿ ಲಿಪಿಕಾರರು ತಮ್ಮ ಬೆನ್ನಿನ, ಕತ್ತಿನ, ಕಣ್ಣಿನ ನೋವನ್ನು ಹೇಳಿಕೊಂಡು, ಪುಸ್ತಕವನ್ನು ಜೋಪಾನಮಾಡಿರೆಂದು ಬೇಡಿಕೊಂಡಿರುವುದನ್ನು ಹಸ್ತಪ್ರತಿಗಳನ್ನು ತಿರುವಿಹಾಕಿದವರೆಲ್ಲ ಕಂಡಿದ್ದಾರೆ. ಹನ್ನೆರಡು ಆಶ್ವಾಸಗಳ ಒಂದು ಚಂಪುವಿಗೆ ಒಬ್ಬ ಲಿಪಿಕಾರನಿಗೆ ಒಂದು ತಿಂಗಳು ಸಾಕೆಂದೇ ಲೆಕ್ಕ ಹಿಡಿಯೋಣ. ಸಾವಿರ ಪ್ರತಿಗೆ ಅವನೊಬ್ಬನೇ ಕುಳಿತರೆ 83 ವರ್ಷ ಹಿಡಿಯುತ್ತದೆ. ಹತ್ತು ಜನ ಕುಳಿತರೂ ಎಂಟು ವರ್ಷಕ್ಕೆ ಮೀರಿದ ಕೆಲಸ. ಸಾವಿರವೆಂಬುದು ಹೊಗಳಿಕೆಯ ಸಂಖ್ಯೆಯಿರಬಹುದು, ಹಳೆಯ ಕಾಲದವರಿಗೆ ದೊಡ್ಡ ಸಂಖ್ಯೆಗಳ ಮೇಲೆ ಪ್ರೀತಿಯಿತ್ತು ಎಂದು ಆಕ್ಷೇಪಿಸಬಹುದು. ಆಗಲಿ. ನೂರೇ ಎಂದು ಇಟ್ಟುಕೊಂಡರೂ, ಒಂದು ಮನೆಯ ಜಗಲಿಯಲ್ಲಿ ವರ್ಷಾನುಗಟ್ಟಲೆ ಕಂಠದ ಸದ್ದು ಕೇಳಿಬರುತ್ತಿದ್ದುದಂತೂ ನಿಜ.

ಅವಳು ಆರಿಸಿಕೊಂಡ ಗ್ರಂಥ ಯಾವುದೆಂಬುದನ್ನೂ ನೋಡಬೇಕು. ದಾನದ ಪುಣ್ಯವೊಂದೇ ಬೇಕಾಗಿದ್ದರೆ ಆಚಾರ್ಯರ ಸಂಸ್ಕೃತ ಪ್ರಾಕೃತ ಗ್ರಂಥಗಳಿಗೆ ಕೊರತೆಯಿರಲಿಲ್ಲ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನಕ್ಕೆ ಯಾವ ಆಗಮವಾದರೂ ಆಗುತ್ತಿತ್ತು. ಅವಳು ಎತ್ತಿಕೊಂಡದ್ದು ತನ್ನ ತಂದೆಯೂ ಚಿಕ್ಕಪ್ಪನೂ ಗುರುವನ್ನು ಕಳೆದುಕೊಂಡು ಬರೆಯಿಸಿದ್ದ ಕನ್ನಡ ಕಾವ್ಯವನ್ನು. ಬಾಲ್ಯದಿಂದ ಮನೆಯಲ್ಲಿ ಓದಿಸಿ ಕೇಳಿದ್ದ ಪುಸ್ತಕವದು ಎಂದು ಊಹಿಸಿದರೆ ತಪ್ಪಾಗಲಾರದು. ಹಿರಿಯರು ತಮ್ಮ ಶೋಕಕ್ಕೆ ಕಂಡುಕೊಂಡಿದ್ದ ಪಾತ್ರೆಯಲ್ಲಿಯೇ ಅವಳು ತನ್ನದನ್ನೂ ಸುರಿದಳು. ಶಾಸ್ತ್ರ ನಿಷೇಧಿಸಿದ್ದ ಆರ್ತಧ್ಯಾನವು ಹೀಗೆ ಶಾಸ್ತ್ರದಾನವೆಂಬ ಹೆಸರಿನಲ್ಲಿ ಧರ್ಮ್ಯವಾಯಿತು. ಮನಸ್ಸು ಒಂದನ್ನೇ ಹಿಡಿದು ಸುತ್ತುವುದು ತಪ್ಪಲಿಲ್ಲ. ಒಂದೇ ಕಾವ್ಯ ಸಾವಿರ ಸಲ ಬರೆಯಲ್ಪಟ್ಟಿತು. ಆದರೆ ಆ ಸುತ್ತು ಇನ್ನೊಬ್ಬರ ಮನೆಯ ಓದಿಗೆ ಒದಗಿತು. ಅದರಿಂದ ನಮಗಾದ ಲಾಭವನ್ನೂ ಹೇಳಬೇಕು. ಪೊನ್ನನ ಮತ್ತೊಂದು ದೊಡ್ಡ ಕಾವ್ಯವೆಂದು ಹೆಸರಾದ ಭುವನೈಕರಾಮಾಭ್ಯುದಯ ನಷ್ಟವಾಗಿ ಹೋಗಿದೆ. ಶಾಂತಿಪುರಾಣ ಮಾತ್ರ ನಮ್ಮ ಕೈಗೆ ಬಂದಿದೆ.

ಇನ್ನು ರನ್ನನ ವಿಚಾರ. ಶಾಂತಿಪುರಾಣ ಹಿರಿಯರದಾದರೆ ಅಜಿತಪುರಾಣ ಅತ್ತಿಮಬ್ಬೆಯೇ ಬರೆಯಿಸಿದ್ದು. ರನ್ನನು 949ರಲ್ಲಿ ಮುದುವೊಳಲಿನಲ್ಲಿ, ಎಂದರೆ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದವನು. ದಕ್ಷಿಣದಲ್ಲಿ ಚಾವುಂಡರಾಯನ ಆಶ್ರಯವನ್ನು ಪಡೆದು, ಅಜಿತಸೇನಾಚಾರ್ಯರಲ್ಲಿ ಓದಿ, ಮರಳಿ ಬಂದು ಚಾಲುಕ್ಯರಲ್ಲಿ 'ಕವಿಚಕ್ರವರ್ತಿ'ಯಾದವನು. ಅಜಿತಪುರಾಣ ಮುಗಿದದ್ದು 993ರಲ್ಲಿ. ಕವಿ ತನ್ನ ಪೋಷಕಳ ವಂಶಚರಿತ್ರೆಯನ್ನು ಅದರಲ್ಲಿ ವಿಸ್ತಾರವಾಗಿ ಹೇಳಿದ್ದಾನೆ. ನಾವು ಮೇಲೆ ಹೇಳಿದ ಸಂಗತಿಗಳಲ್ಲಿ ಎಷ್ಟೋ ಅಲ್ಲಿಂದಲೇ ಬಂದವು. ಆಶ್ರಿತ ಕವಿಯ ಮಾತಿನಲ್ಲಿ ಸ್ವಲ್ಪ ಬೆಣ್ಣೆಯಿರುವುದು ಸಹಜ. ಅದನ್ನು ಕಳೆದು ಓದಿಕೊಳ್ಳುವುದು ನಮಗೆ ಕಷ್ಟವೇನೂ ಅಲ್ಲ.

ಎರಡನೆಯ ತೀರ್ಥಂಕರನಾದ ಅಜಿತನ ಕಥೆಯನ್ನು ಹೇಳಹೊರಟರೆ ಅವನ ಕಾಲದ ಚಕ್ರವರ್ತಿಯಾದ ಸಗರನ ಕಥೆಯೂ ಜತೆಯಲ್ಲಿ ಬರುತ್ತದೆ. ವೈದಿಕ ಪುರಾಣಗಳಲ್ಲಿ ಕಪಿಲಮುನಿಯ ಕಣ್ಣುರಿಗೆ ಬೂದಿಯಾದ ಸಗರಪುತ್ರರನ್ನು ನಾವೆಲ್ಲ ಬಲ್ಲೆವು. ಜೈನರ ಕಥೆ ಬೇರೆ. ಅದರ ಹಂದರ 9ನೆಯ ಶತಮಾನದ ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿದೆ. (ಗುರು ಜಿನಸೇನರು ಮುಗಿಸದೆ ಬಿಟ್ಟುಹೋದ ಮಹಾಪುರಾಣವನ್ನು ಶಿಷ್ಯ ಗುಣಭದ್ರರು ಮುಗಿಸಿದರೆಂಬುದನ್ನು ಇಲ್ಲಿ ನೆನೆಯಬಹುದು. ಅಗಲಿದವರ ಕೆಲಸವನ್ನು ಕೈಗೆತ್ತಿಕೊಳ್ಳುವುದು ಆ ಪರಂಪರೆಯಲ್ಲಿಯೇ ಇತ್ತು.)

ಸಗರನಿಗೆ ಅರುವತ್ತು ಸಾವಿರ ಮಕ್ಕಳು. ಅವರ ಮೇಲಿನ ಮೋಹದಲ್ಲಿ ಅವನಿಗೆ ವೈರಾಗ್ಯದ ಮಾತೇ ಬೇಡವಾಗಿದೆ. ಹಿಂದಿನ ಜನ್ಮದಲ್ಲಿ ಅವನ ಗೆಳೆಯನಾಗಿದ್ದ ಮಣಿಕೇತುವೆಂಬ ದೇವನು, ಮೊದಲು ಕೊಟ್ಟಿದ್ದ ಮಾತಿನಂತೆ ಅವನನ್ನು ಎಚ್ಚರಿಸಲು ಬರುತ್ತಾನೆ. ನೇರವಾಗಿ ಬಂದು ಉಪದೇಶಿಸಿದನು, ನಾಟಲಿಲ್ಲ. ಎಳೆಯ ಮುನಿಯ ವೇಷದಲ್ಲಿ ಬಂದು ಸಂಸಾರದ ಅಸಾರತೆಯನ್ನು ಹೇಳಿದನು. ಸಗರನು ಕೇಳಿದನು, ಮೆಚ್ಚಿದನು, ಮಕ್ಕಳ ಕಡೆಗೇ ತಿರುಗಿದನು. ಆಮೇಲೆ ಆ ಮಕ್ಕಳು ತಂದೆಯ ಅಪ್ಪಣೆಯಂತೆ ಕೈಲಾಸದ ಜಿನಾಲಯಗಳ ಸುತ್ತ ಅಗಳನ್ನು ತೋಡಲು ಹೋದಾಗ ಮಣಿಕೇತು ಸರ್ಪರೂಪದಿಂದ ಅವರನ್ನು ಬೂದಿಮಾಡಿದಂತೆ ತೋರಿಸುತ್ತಾನೆ. ಸುದ್ದಿ ಬಂತು, ಮಂತ್ರಿಗಳಿಗೆ ಅರಸನ ಮುಂದೆ ಬಾಯಿ ತೆರೆಯಲು ಧೈರ್ಯವಿಲ್ಲ. ಆಗ ಮಣಿಕೇತುವೇ ಒಬ್ಬ ಬ್ರಾಹ್ಮಣನಾಗಿ ಅರಮನೆಯ ಬಾಗಿಲಿಗೆ ಬಂದು ಗೋಳಿಡುತ್ತಾನೆ. ಇದ್ದೊಬ್ಬ ಮಗನನ್ನು ಯಮನು ಕೊಂಡೊಯ್ದನು, ಲೋಕವನ್ನು ಕಾಯುವ ದೊರೆ ನೀನು, ನನ್ನ ಮಗನನ್ನು ಬಿಡಿಸಿಕೊಡು ಎಂದು. ಸಗರನು ಮರುಗಿ, ಸಮಾಧಾನ ಹೇಳುತ್ತಾನೆ: ಯಮನನ್ನು ತಡೆಯುವ ಶಕ್ತಿ ಯಾವ ಚಕ್ರವರ್ತಿಗೂ ಇಲ್ಲ, ಅವನನ್ನು ಗೆಲ್ಲಬೇಕಾದರೆ ಶೋಕವನ್ನು ಬಿಟ್ಟು ದೀಕ್ಷೆಯನ್ನು ಹಿಡಿ. ಬ್ರಾಹ್ಮಣನು ಕೇಳುತ್ತಾನೆ: ಈ ಮಾತು ನಿಜವಷ್ಟೆ? ನಿಜ. ಹಾಗಾದರೆ, ದೊರೆಯೆ, ನಿನ್ನ ಮಕ್ಕಳೂ ಇಲ್ಲ.

ಈ ಕಥೆಯ ರಚನೆಯನ್ನು ಸ್ವಲ್ಪ ನಿಂತು ನೋಡಬೇಕು. ಎರಡು ಉಪದೇಶಗಳು ಸೋತುವು. ಒಂದು ಕಟ್ಟುಕಥೆ ಗೆದ್ದಿತು. ಆ ಬ್ರಾಹ್ಮಣನೂ ಸುಳ್ಳು, ಅವನ ಸತ್ತ ಮಗನೂ ಸುಳ್ಳು. ಆದರೆ ಆ ಸುಳ್ಳುಮಗನಿಗಾಗಿ ಸಗರನು ಪಟ್ಟ ಕನಿಕರ ಸುಳ್ಳಲ್ಲ. ತನಗೆ ಬೇಕಾದ ಮಾತನ್ನು ಅವನು ಇನ್ನೊಬ್ಬನಿಗೆ ಹೇಳುವ ಹಾಗೆ ತನ್ನ ಬಾಯಿಂದ ತಾನೇ ಆಡಿದನು. ಆಡಿದ ಮೇಲೆ ಅದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಸಂತೈಸುವವರೆಲ್ಲ ಅನುಭವದಿಂದ ಬಲ್ಲ ಸಂಗತಿ ಇದು. ಸಾವಾದ ಮನೆಗೆ ಹೋಗಿ 'ಹುಟ್ಟಿದವರೆಲ್ಲ ಸಾಯಲೇಬೇಕು' ಎಂದರೆ ಯಾರಿಗೂ ಸಮಾಧಾನವಾದ ಉದಾಹರಣೆಯಿಲ್ಲ. ಅದೇ ಮಾತು ಹರಿಶ್ಚಂದ್ರನ ಸುಡುಗಾಡಿನಲ್ಲಿ ಚಂದ್ರಮತಿಯ ಮೂಲಕ ಬಂದಾಗ ಎದೆಗೆ ಇಳಿಯುತ್ತದೆ. ಗುರುವಿನ ನೆನಪಿಗೆ ಶಾಂತಿನಾಥನ ಕಥೆಯನ್ನೇಕೆ ಹೇಳಿಸಿದರು ಎಂದು ಮೊದಲು ತೋರಿದ ವೈಚಿತ್ರ್ಯ ಈಗ ಅಷ್ಟು ವಿಚಿತ್ರವಾಗಿ ಕಾಣಲಾರದು. ತನ್ನ ದುಃಖವನ್ನು ತನ್ನದೆಂದು ನೋಡಲು ಆಗದವನಿಗೆ, ಅದನ್ನು ಬೇರೊಬ್ಬನದಾಗಿ ಮಾಡಿ ತೋರಿಸಬಹುದು. ಪುರಾಣವೆಂಬುದು ಜೈನರಲ್ಲಿ ಈ ಕೆಲಸವನ್ನು ಮಾಡುತ್ತಿತ್ತು.

ಇಂಥ ಕಥೆಯನ್ನು ಕನ್ನಡದಲ್ಲಿ ಹೇಳುವುದಕ್ಕೆ ರನ್ನನಿಗಿಂತ ತಕ್ಕ ಕವಿ ದೊರೆಯುವಂತಿರಲಿಲ್ಲ. ಗದಾಯುದ್ಧದಲ್ಲಿ ದುರ್ಯೋಧನನು ಸಂಜಯನ ಕೈಹಿಡಿದು ಕುರುಕ್ಷೇತ್ರದ ಹೆಣಗಳ ನಡುವೆ ನಡೆಯುವ ಭಾಗವನ್ನು ಓದಿದವರು ಮರೆಯುವುದುಂಟೆ? ದ್ರೋಣನ ದೇಹ, ಮಗ ಲಕ್ಷಣಕುಮಾರನ ದೇಹ, ದುಶ್ಶಾಸನನ ದೇಹ, ಕರ್ಣನ ದೇಹ. ಒಂದೊಂದರ ಮುಂದೆಯೂ ಛಲದಂಕಮಲ್ಲನು ನಿಂತು ಕರಗುತ್ತಾನೆ. ಎರಡು ಕಾವ್ಯಗಳಲ್ಲಿ ಯಾವುದು ಮೊದಲಿನದೆಂಬುದರಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಯಾವುದು ಮೊದಲಾದರೂ ಮಕ್ಕಳನ್ನು ಕಳೆದುಕೊಂಡ ಇಬ್ಬರು ಅರಸರು ಒಬ್ಬನೇ ಕವಿಯ ಕೈಯಲ್ಲಿ ಮೂಡಿದ್ದಾರೆ. ಒಬ್ಬನ ಶೋಕ ಮತ್ತಷ್ಟು ಹಗೆಯಾಗುತ್ತದೆ. ಇನ್ನೊಬ್ಬನದು ವೈರಾಗ್ಯವಾಗುತ್ತದೆ. ಕಾವ್ಯವಾಗಿ ಗದಾಯುದ್ಧವೇ ಮೇಲೆಂಬುದು ಬಹುಜನರ ಮತ, ನನ್ನದೂ ಅದೇ. ಆದರೆ ವಿಧವೆಯೊಬ್ಬಳು ಓದಿಸಿ ಕೇಳುವುದಕ್ಕೆ ಯಾವುದನ್ನು ಬೇಡಿಯಾಳು ಎಂಬ ಪ್ರಶ್ನೆ ಬೇರೆ. ಸಗರನು ಅಜಿತನ ಕಥೆಗೆ ಅಂಟಿಕೊಂಡೇ ಬರುವವನು, ಅದರಲ್ಲಿ ಅತ್ತಿಮಬ್ಬೆಯ ಆಯ್ಕೆ ಎಲ್ಲಿ ಬಂತು ಎನ್ನಬಹುದು. ತೀರ್ಥಂಕರರು ಇಪ್ಪತ್ತನಾಲ್ವರಿದ್ದಾರೆ. ಅವರಲ್ಲಿ ಅಜಿತನನ್ನೇ ಹಿಡಿದದ್ದನ್ನು ನಾನು ಬರಿಯ ಆಕಸ್ಮಿಕವೆಂದು ಎಣಿಸಲಾರೆ.

ಆದರೂ ಪುರಾಣವು ಅವಳಿಗೆ ಕೊಡಲಾರದ ಒಂದು ಉಂಟು. ಉತ್ತರಪುರಾಣದ ಕಥೆಯ ಕೊನೆಯಲ್ಲಿ ಮಣಿಕೇತು ತನ್ನ ಮಾಯೆಯನ್ನು ತೆಗೆಯುತ್ತಾನೆ. ಸತ್ತಂತಿದ್ದ ಮಕ್ಕಳು ಏಳುತ್ತಾರೆ. ತಂದೆಯ ಹಿಂದೆಯೇ ದೀಕ್ಷೆಯನ್ನು ಹಿಡಿಯುತ್ತಾರೆ. ನಾಗದೇವನು ಏಳಲಿಲ್ಲ. ಗುಂಡಮಬ್ಬೆಯ ಬೂದಿಯಿಂದ ಯಾರೂ ಏಳಲಿಲ್ಲ. ಅದನ್ನು ತಿಳಿದೂ ಆ ಕಥೆಯನ್ನು ಕೇಳಿಸಿಕೊಳ್ಳಬೇಕಾಗಿತ್ತು. ಇನ್ನೊಂದು ಅಂತರವೂ ಇದೆ. ಸಗರನು ರಾಜ್ಯವನ್ನು ಬಿಟ್ಟು ಹೋದನು. ಅತ್ತಿಮಬ್ಬೆ ಎಲ್ಲಿಗೂ ಹೋಗಲಿಲ್ಲ. ಕಂತಿಯಾಗಿ ಬಿಳಿಯ ಸೀರೆಯನ್ನುಟ್ಟು ಸಂಘವನ್ನು ಸೇರುವುದಕ್ಕೆ ಅವಳಿಗೆ ಅಡ್ಡಿಯಿರಲಿಲ್ಲ. ಶ್ರಾವಕಿಯಾಗಿಯೇ ಉಳಿದು ಮಗನನ್ನು ಬೆಳೆಸಿದಳು. ಹೊನ್ನನ್ನು ಎಣಿಸಿದಳು, ಅಕ್ಕಸಾಲಿಗರಿಗೆ ಪ್ರತಿಮೆಗಳ ಕೆಲಸವನ್ನು ಕೊಟ್ಟಳು, ಲಿಪಿಕಾರರಿಗೆ ಕೂಲಿಯನ್ನು ಕೊಟ್ಟಳು. ತಾನು ಬರೆಯಿಸಿದ ಕಾವ್ಯದ ನಾಯಕನ ದಾರಿಯನ್ನು ಅವಳು ಹಿಡಿಯಲಿಲ್ಲವೆಂಬುದನ್ನು ನಮ್ಮ ಚರಿತ್ರಕಾರರು ಸಾಕಷ್ಟು ಗಮನಿಸಿಲ್ಲವೆಂದು ನನಗೆ ತೋರುತ್ತದೆ. ಕಾವ್ಯ ಅವಳಿಗೆ ಅಪ್ಪಣೆಯಾಗಿ ಬರಲಿಲ್ಲ, ಜತೆಯಾಗಿ ಬಂತು.

ಲಕ್ಕುಂಡಿಯ ಮಾತನ್ನು ಹೇಳಿ ಮುಗಿಸುತ್ತೇನೆ. ಈಗಿನ ಗದಗ ಜಿಲ್ಲೆಯಲ್ಲಿರುವ ಈ ಊರು ಆಗ ಲೊಕ್ಕಿಗುಂಡಿ. ಅಲ್ಲಿ ಅವಳು ಕಟ್ಟಿಸಿದ ಬಸದಿಗೆ ಬ್ರಹ್ಮಜಿನಾಲಯವೆಂದು ಹೆಸರು. ಒಳಗೆ ನಾಲ್ಕು ಮೊಗದ ಬ್ರಹ್ಮನ ಮತ್ತು ಪದ್ಮಾವತಿಯ ಚೆಲುವಾದ ವಿಗ್ರಹಗಳಿವೆ. ಅಲ್ಲಿಯ ಶಾಸನದ ಕಾಲ 1007. ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನು ಆಳುತ್ತಿದ್ದಾಗಿನದು. ಅಜಿತಪುರಾಣ ಮುಗಿದು ಆಗಲೇ ಹದಿನಾಲ್ಕು ವರ್ಷ ಕಳೆದಿತ್ತು. ನಾಗದೇವನು ಹೋಗಿ ಅದಕ್ಕೂ ಹೆಚ್ಚು. ಮಗ ಬೆಳೆದು ಅಧಿಕಾರವನ್ನು ಹಿಡಿದಿದ್ದನು. ಶೋಕದ ಮೊದಲ ಬಿಸಿಯಲ್ಲಿ ಕೊಟ್ಟು ಮುಗಿಸಿದ ದಾನ ಅವಳದಾಗಿರಲಿಲ್ಲವೆಂಬುದಕ್ಕೆ ಈ ಕಲ್ಲು ಸಾಕ್ಷಿ. ಜನರಂತೂ ಅವಳ ಸುತ್ತ ಪವಾಡಗಳನ್ನು ಹೆಣೆದರು. ಬೆಳ್ಗೊಳದ ಬೆಟ್ಟವನ್ನು ಏರುವಾಗ ಅವಳ ಆಯಾಸ ತೀರುವಂತೆ ಕಾಲವಲ್ಲದ ಕಾಲದಲ್ಲಿ ಮಳೆ ಸುರಿಯಿತಂತೆ. ಗೋದಾವರಿಯ ಪ್ರವಾಹ ಅವಳಿಗಾಗಿ ತಡೆದು ನಿಂತಿತಂತೆ. 12ನೆಯ ಶತಮಾನದ ಆರಂಭದಲ್ಲಿ ಹೊಯ್ಸಳ ಸೇನಾನಿ ಗಂಗರಾಜನನ್ನು ಹೊಗಳುವ ಶಾಸನವು, ಅತ್ತಿಮಬ್ಬೆಗೆ ಗೋದಾವರಿ ನಿಂತ ಹಾಗೆ ಇವನಿಗೆ ಕಾವೇರಿ ನಿಂತಿತೆಂದು ಹೇಳುವಷ್ಟರ ಮಟ್ಟಿಗೆ ಆ ಕಥೆ ಮನೆಮಾತಾಗಿತ್ತು.

ಪವಾಡಗಳನ್ನು ನಂಬುವುದೂ ಬಿಡುವುದೂ ಅವರವರಿಗೆ ಸೇರಿದ್ದು. ರನ್ನನ ಮನೆಯ ಸಂಗತಿಯೊಂದು ಮಾತ್ರ ನಂಬುವುದಕ್ಕೆ ಸುಲಭವಾಗಿದೆ. ಕವಿಚಕ್ರವರ್ತಿಗೆ ಜಕ್ಕಿ, ಶಾಂತಿ ಎಂದು ಇಬ್ಬರು ಹೆಂಡಿರು. ಒಬ್ಬ ಮಗ, ಒಬ್ಬಳು ಮಗಳು. ಮಗನಿಗೆ ಚಾವುಂಡರಾಯನ ನೆನಪಿಗೆ ರಾಯನೆಂದು ಹೆಸರಿಟ್ಟನು. ಮಗಳನ್ನು ಅತ್ತಿಮಬ್ಬೆಯೆಂದು ಕರೆದನು.